ಸೈಲೆನ್ಸರಿನ ಜಾಲಿ

ಗುರ್‌ರ್‌ರ್… ಗುರ್‌ರ್… ಗುರ್… ಪುಸ್.

ದ್ವಾರಕಾದ ಆ ಹೌಸಿಂಗ್ ಸೊಸೈಟಿಯಲ್ಲಿ ಭಾನುವಾರದ ಬೆಳಗು ಶುರುವಾದದ್ದು ಹೀಗೆ. ಜನವರಿಯ ಮಂಜು ಇನ್ನೂ ಕಾಂಪೌಂಡಿನ ಗೋಡೆ ಬಿಟ್ಟು ಕದಲಿರಲಿಲ್ಲ. ಮೇಲಿನ ಮಹಡಿಯಲ್ಲಿ ಮಂಕಿ ಕ್ಯಾಪ್ ತೊಟ್ಟು ಚಹಾ ಕುಡಿಯುತ್ತಿದ್ದವರೊಬ್ಬರು ಇದು ಹಾಲಿನವನ ಬೈಕು ಎಂದುಕೊಂಡರು. ಪಕ್ಕದ ಮನೆಯ ಅಜ್ಜಿ ಇದು ತಮ್ಮ ಯಜಮಾನರ ಗೊರಕೆ ಎಂದು ಭಾವಿಸಿ, ಅಭ್ಯಾಸಬಲದಿಂದ ಮೊಣಕೈಯಲ್ಲಿ ತಿವಿದು ಮಗ್ಗುಲಾದರು. ನಿಜವಾಗಿ ಅದು ಇಂದುಶೇಖರರ ಗರಗಸ.

ಗರಗಸವೆಂದರೆ ಇಬ್ಬರು ಕೂತು ಎಳೆದಾಡುವ ಬಡಪಾಯಿ ಗರಗಸವಲ್ಲ. ಪೆಟ್ರೋಲಿನದು. ಮುಂದೆ ಹಲ್ಲಿನ ಚೈನು, ಹಿಂದೆ ಎಂಜಿನ್, ಪಕ್ಕಕ್ಕೆ ಎಳೆಯಲೊಂದು ಹಗ್ಗ. ಹಗ್ಗ ಎಳೆದರೆ ಎಂಜಿನ್ ಹೊತ್ತಿಕೊಳ್ಳಬೇಕು, ಚೈನು ಹಲ್ಲು ಮಸೆಯುತ್ತ ತಿರುಗಬೇಕು, ಮರ ಗಡಗಡ ನಡುಗಬೇಕು. ಇಂದುಶೇಖರರು ಎಳೆದಾಗ ನಡುಗುತ್ತಿದ್ದುದು ಅವರ ಸೊಂಟ ಮಾತ್ರ.

"ಎದ್ದಿತಾ ಸವಾರಿ?" ಬಾಲ್ಕನಿಯಿಂದ ಅವರ ಹೆಂಡತಿ ಧಾರಿಣಿ ಕೇಳಿದರು.

"ಏಳ್ತಾ ಇದೆ. ಚಳಿ ಅಲ್ವಾ, ಎಂಜಿನ್ ಬಿಸಿಯಾಗಬೇಕು."

"ಎಂಜಿನ್ ಗೊತ್ತಿಲ್ಲ, ನೀವಂತೂ ಬಿಸಿಯಾಗಿದ್ದೀರಿ. ಮುಖ ಕೆಂಡದ ಹಾಗಿದೆ. ಬನ್ನಿ ಮೇಲೆ, ಉಪ್ಪಿಟ್ಟು ಆರ್ತಿದೆ."

"ಇನ್ನೊಂದೇ ಸಲ ಎಳೆದು ಬರ್ತೀನಿ."

"ಹೋದ ಭಾನುವಾರವೂ ಇದೇ ಹೇಳಿದ್ರಿ. ಆವತ್ತಿನ ಉಪ್ಪಿಟ್ಟು ಕೊನೆಗೆ ಗಿಳಿಗಳು ತಿಂದವು."

ಇಂದುಶೇಖರರು ಕೇಂದ್ರ ಸರಕಾರದ ಒಂದು ಇಲಾಖೆಯಲ್ಲಿ ಅನುವಾದಕರಾಗಿದ್ದು ನಿವೃತ್ತರಾದವರು. ಹಿಂದಿಯಿಂದ ಕನ್ನಡಕ್ಕೆ, ಕನ್ನಡದಿಂದ ಹಿಂದಿಗೆ ಅವರು ದಾಟಿಸಿದ ಸುತ್ತೋಲೆಗಳಿಗೆ ಲೆಕ್ಕವಿಲ್ಲ. ಅವನ್ನು ಯಾರೂ ಓದಿರಲಿಲ್ಲ, ಆದ್ದರಿಂದ ಯಾರೂ ಅವುಗಳಲ್ಲಿ ತಪ್ಪು ಕಂಡುಹಿಡಿದಿರಲಿಲ್ಲ. 'ನನ್ನ ಇಡೀ ಸರ್ವಿಸಿನಲ್ಲಿ ಒಂದು ಪದ ತಪ್ಪಿ ಹೋಗಿಲ್ಲ' ಎಂದು ಅವರು ಮದುವೆ, ಮುಂಜಿ, ಮೆಟ್ರೋ ಎಲ್ಲೆಂದರಲ್ಲಿ ಹೇಳಿಕೊಳ್ಳುತ್ತಿದ್ದರು. ಅಂಥವರ ಕೈಗೆ ಗರಗಸ ಬಂದದ್ದು ಹೇಗೆ? ಪ್ರೀತಿಯಿಂದ. ನಗಬೇಡಿ, ನಿಜವಾಗಿ ಪ್ರೀತಿಯಿಂದ.

ಅವರ ಅಡುಗೆಮನೆಯ ಬಾಲ್ಕನಿಗೆ ಸರಿಯಾಗಿ ಎದುರಿಗೆ, ಸೊಸೈಟಿಯ ಹಿಂಬದಿ ಗೋಡೆಗೆ ಆತುಕೊಂಡು ಒಂದು ಜಾಲಿ ಮರವಿತ್ತು. ಬಳ್ಳಾರಿ ಜಾಲಿ. ದೆಹಲಿಯವರು ಇದನ್ನು ವಿಲಾಯತಿ ಕೀಕರ್ ಎನ್ನುತ್ತಾರೆ, ಅಂದರೆ ಪರದೇಶದ್ದು. ನಾವು ಬಳ್ಳಾರಿಯದು ಎನ್ನುತ್ತೇವೆ. ಎರಡೂ ಕಡೆಯವರು ಅದನ್ನು ಇನ್ನೊಬ್ಬರ ಮನೆಯ ಮಗು ಎಂದು ತಳ್ಳಿಬಿಟ್ಟಿದ್ದಾರೆ. ಅದು ಮಾತ್ರ ಎರಡೂ ಕಡೆ, ಯಾರೂ ಕರೆಯದೆ, ಯಾರೂ ನೀರೆರೆಯದೆ ಬಂದು ನಿಂತಿದೆ. ಮೈತುಂಬ ಮುಳ್ಳು, ಸೊಟ್ಟ ಕೊಂಬೆ, ಸಾಸಿವೆ ಕಾಳಿನಂಥ ಎಲೆ. ಕವಿಗಳು ಹಾಡದ ಮರ.

ಧಾರಿಣಿ ಸಿರುಗುಪ್ಪದವರು. ಮದುವೆಯಾಗಿ ಲೋಧಿ ಕಾಲೋನಿಯ ಸರಕಾರಿ ಕ್ವಾರ್ಟರ್ಸಿಗೆ ಬಂದಾಗ ಅಲ್ಲಿ ಬೇವಿತ್ತು, ನೇರಳೆಯಿತ್ತು. ಆದರೆ ಅವೆಲ್ಲ ಎಂದೋ ದೆಹಲಿಯವೇ ಆಗಿಬಿಟ್ಟಿದ್ದವು; ಅವುಗಳ ಕೆಳಗೆ ನಿಂತರೆ ಹಿಂದಿಯಲ್ಲೇ ಮಾತಾಡಬೇಕೇನೋ ಅನ್ನಿಸುತ್ತಿತ್ತು. ನಿವೃತ್ತಿಯ ಹೊತ್ತಿಗೆ ದ್ವಾರಕಾದಲ್ಲಿ ಫ್ಲಾಟು ನೋಡಲು ಬಂದ ದಿನ ಇಂದುಶೇಖರರು ನಲ್ಲಿ ತಿರುಗಿಸಿ ನೋಡಿದರು, ಗೋಡೆ ಬಡಿದು ನೋಡಿದರು, ಲಿಫ್ಟಿನಲ್ಲಿ ಹತ್ತಿ ಇಳಿದು ನೋಡಿದರು. ಧಾರಿಣಿ ಅಡುಗೆಮನೆಯ ಬಾಗಿಲು ತೆಗೆದು, "ಅಯ್ಯೋ, ಇದು ನಮ್ಮ ಜಾಲಿ!" ಎಂದರು. ಆಮೇಲೆ, "ಮನೆ ಇದೇ ಇರಲಿ" ಎಂದರು. ಅಷ್ಟೇ. ನಲ್ಲಿಯಲ್ಲಿ ನೀರು ಬರುವುದು ದಿನಕ್ಕೆ ಅರ್ಧ ಗಂಟೆ ಮಾತ್ರ ಎಂಬುದು ಇಬ್ಬರಿಗೂ ಗೊತ್ತಾದದ್ದು ಮನೆ ಹೊಕ್ಕ ಮೇಲೆ.

ಹಗಲೆಲ್ಲ ಆ ಮರದ ನೆರಳು ಅಡುಗೆಮನೆಯ ನೆಲದ ಮೇಲೆ ರಾಗಿ ಚೆಲ್ಲಿದ ಹಾಗೆ ಬೀಳುತ್ತಿತ್ತು. ಧಾರಿಣಿ ರೊಟ್ಟಿ ತಟ್ಟುತ್ತ ಅದರ ಜೊತೆ ಮಾತಾಡುತ್ತಿದ್ದರು. (ಮರದ ಜೊತೆ. ಗಂಡನ ಜೊತೆಯೂ ಮಾತಾಡುತ್ತಿದ್ದರು, ಆದರೆ ಮರ ಮಧ್ಯೆ ಬಾಯಿ ಹಾಕುತ್ತಿರಲಿಲ್ಲ.) 'ನಾನಿರೋ ತನಕ ಈ ಮರಕ್ಕೆ ಯಾರೂ ಕೈ ಹಚ್ಚೋದಿಲ್ಲ' ಎಂದು ಇಂದುಶೇಖರರು ಒಂದು ಸಂಜೆ ಮಾತು ಕೊಟ್ಟಿದ್ದರು. 'ಪರಿಶೀಲಿಸಲಾಗುವುದು' ಎನ್ನುವುದರ ಆಚೆಗೆ ಎಂದೂ ಯಾವ ಭರವಸೆಯನ್ನೂ ಕೊಡದ ಸರಕಾರಿ ಮನುಷ್ಯ, ತನ್ನ ಮಾತಿಗೆ ತಾನೇ ಬೆರಗಾಗಿ ಆ ರಾತ್ರಿ ಎರಡು ರೊಟ್ಟಿ ಹೆಚ್ಚು ತಿಂದರು.

ಸೊಸೈಟಿಯ ಅಧ್ಯಕ್ಷ ಭಲ್ಲಾಜಿಗೆ ಮಾತ್ರ ಆ ಮರ ಕಣ್ಣಿನ ಮುಳ್ಳು; ಅದಕ್ಕಿಂತ ಹೆಚ್ಚಾಗಿ ಕಾರಿನ ಟೈರಿನ ಮುಳ್ಳು. ಅವರು ಓಡಾಡಿ, ಇಡೀ ಮರ ಕಡಿಯಲು ಅನುಮತಿಯ ಕಾಗದವನ್ನೇ ತಂದು ಇಟ್ಟುಕೊಂಡಿದ್ದರು. ಕಡಿಯುವವರು ಬಂದ ದಿನ ಧಾರಿಣಿ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು ಬಟಾಣಿ ಸುಲಿದರು. ಬುಟ್ಟಿ ತುಂಬ ಬಟಾಣಿ ಮುಗಿಯುವ ಹೊತ್ತಿಗೆ ಕಡಿಯುವವರು ಬೀಡಿ ಸೇದಿ ಹೋಗಿಯಾಗಿತ್ತು. ಆಮೇಲೆ ಒಂದು ರಾಜಿಯಾಯಿತು: ಗೋಡೆಯಾಚೆಗೆ, ಕಾರು ನಿಲ್ಲುವ ಕಡೆಗೆ ಚಾಚಿದ ಕೊಂಬೆಗಳನ್ನು ಇಂದುಶೇಖರರೇ ತಮ್ಮ ಕೈಯಾರೆ ಸವರಬೇಕು. ಗಣರಾಜ್ಯೋತ್ಸವದೊಳಗೆ ಆಗದಿದ್ದರೆ ಇಡೀ ಮರ ಹೋಗುತ್ತದೆ.

ಹೀಗಾಗಿ ಮರ ಉಳಿಸಲೆಂದು ಗರಗಸ ಬಂತು. ಆದರೆ ಜಾಲಿಯ ಕಟ್ಟಿಗೆ ಕಬ್ಬಿಣ. ಚೈನು ಒಂದು ಬೆರಳಿನಷ್ಟು ಒಳಗೆ ಹೋಗುವುದು, ಎಂಜಿನ್ ದಮ್ಮು ಕಟ್ಟಿ ಕೆಮ್ಮುವುದು, ಪುಸ್ ಎನ್ನುವುದು.

ಉಪ್ಪಿಟ್ಟು ತಿನ್ನುತ್ತ ಇಂದುಶೇಖರರು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದರು. ಕಾಡಿನಂಥ ಗಡ್ಡದ ಒಬ್ಬ ಬಿಳಿಯ ಮನುಷ್ಯ ಹೇಳುತ್ತಿದ್ದ: ನಿಮ್ಮ ಗರಗಸ ದುರ್ಬಲವಲ್ಲ, ಅದರ ಬಾಯಿಗೆ ಬಟ್ಟೆ ತುರುಕಲಾಗಿದೆ. ಹೊಗೆ ಹೊರಗೆ ಹೋಗುವ ಡಬ್ಬಿಯುಂಟಲ್ಲ, ಆ ಮಫ್ಲರ್, ನಮ್ಮಲ್ಲಿ ಸೈಲೆನ್ಸರ್ ಎನ್ನುತ್ತಾರೆ, ಅದರ ತೂತು ದೊಡ್ಡದು ಮಾಡಿ, ಒಳಗಿನ ಬಲೆ ತೆಗೆಯಿರಿ. ಎಂಜಿನ್ ಎದೆತುಂಬ ಉಸಿರಾಡುತ್ತದೆ. ಸದ್ದು ಜೋರಾಗುತ್ತದೆ, ಆದರೆ ಮರ ಬೆಣ್ಣೆಯಾಗುತ್ತದೆ. ಇಂದುಶೇಖರರ ಚಮಚ ಗಾಳಿಯಲ್ಲೇ ನಿಂತಿತು. ತಮ್ಮ ಕಚೇರಿಯ ಬದುಕಿನಲ್ಲೂ ಇದೇ ಆದದ್ದು ಎಂದು ಅವರಿಗೆ ಹೊಳೆಯಿತು. ಬಾಯಿಗೆ ಬಟ್ಟೆ. ಇಲ್ಲದಿದ್ದರೆ ಅವರೂ ಜಂಟಿ ಕಾರ್ಯದರ್ಶಿಯಾಗುತ್ತಿದ್ದರು.

ಧಾರಿಣಿಗೆ ಇದು ಒಪ್ಪಿಗೆಯಾಗುವಂತಿರಲಿಲ್ಲ. "ಇರೋ ಸದ್ದಿಗೇ ಕೆಳಗಿನ ಮನೆ ಪಾಪು ಎದ್ದು ಅಳುತ್ತೆ. ಅದಕ್ಕೆ ಇನ್ನೂ ಬಾಯಿ ಬಿಡಿಸ್ತೀನಿ ಅಂದ್ರೆ ನೋಡಿ ಮತ್ತೆ!" ಎಂದು ವಿಷಯ ಎತ್ತಿದ ಕೂಡಲೇ ಹೇಳಿಬಿಟ್ಟರು. ಆದ್ದರಿಂದ ಇಂದುಶೇಖರರು ಮೆಕ್ಯಾನಿಕ್ಕಿಗೆ ಬಚ್ಚಲುಮನೆಯಿಂದ ಫೋನು ಮಾಡಿದರು. ಆದರೆ ಬಚ್ಚಲಿನಲ್ಲಿ ಪಿಸುಮಾತೂ ಭಾಷಣವಾಗುತ್ತದೆ.

"ಯಾವ ಮಫ್ಲರಿಗೆ ತೂತು?" ಹೊರಗಿನಿಂದ ಪ್ರಶ್ನೆ ಬಂತು.

"ಆಂ? ಅದು… ಉಲನ್ನಿನದು. ನುಸಿ ಹೊಡೆದಿದೆ ಅನ್ಸುತ್ತೆ."

ಆ ಮಧ್ಯಾಹ್ನ ಧಾರಿಣಿ ಮನೆಯಲ್ಲಿದ್ದ ಅಷ್ಟೂ ಉಣ್ಣೆಯ ಮಫ್ಲರುಗಳನ್ನು ಬಾಲ್ಕನಿಯಲ್ಲಿ ಹರವಿ, ಒಂದೊಂದನ್ನೂ ಬೆಳಕಿಗೆ ಹಿಡಿದು ತೂತು ಹುಡುಕಿದರು. "ಒಂದರಲ್ಲೂ ಇಲ್ಲವಲ್ರೀ" ಎಂದು ಚಿಂತೆಯಿಂದ ಹೇಳಿದರು. ಇಂದುಶೇಖರರಿಗೆ ಆಗ ಸಣ್ಣಗೆ ನಾಚಿಕೆಯಾಯಿತು. ಆದರೆ ಮಹತ್ಕಾರ್ಯಗಳಲ್ಲಿ ಇಂಥದ್ದೆಲ್ಲ ಇದ್ದದ್ದೇ.

ಮೆಕ್ಯಾನಿಕ್ ಉತ್ತಮ್ ನಗರದವನು. ಸ್ಕೂಟರಿನಿಂದ ಜನರೇಟರಿನವರೆಗೆ ಯಾವುದನ್ನೂ ಬಿಚ್ಚಬಲ್ಲವನು, ಜೋಡಿಸುವ ಭರವಸೆ ಮಾತ್ರ ಕೊಡದವನು. ಅವನು ಸೈಲೆನ್ಸರಿಗೆ ಡ್ರಿಲ್ ಹಿಡಿದು ತೂತು ಅಗಲ ಮಾಡಿದ, ಊಟದ ಹೊತ್ತಾಯಿತೆಂದು ಕೈ ಒರೆಸಿಕೊಂಡ. "ಅಂದರ್ ಏಕ್ ಜಾಲಿ ಹೈ ಸಾಬ್. ದೋ ಸ್ಕ್ರೂ ಹೈಂ, ಘರ್ ಪೇ ಖೋಲ್ ಲೇನಾ. ಜಾಲಿ ನಿಕಲೀ, ತೋ ಸಮಝೋ ಶೇರ್!"

ಕಿಡಿ ಹಾರದಂತೆ ತಡೆಯುವ ಪುಟ್ಟ ತಂತಿಬಲೆ ಅದು. ಹಿಂದಿಯಲ್ಲಿ ಜಾಲಿ, ಎರಡು ಸ್ಕ್ರೂ ಬಿಚ್ಚಿದರೆ ಮನೆಯಲ್ಲೇ ಕೈಗೆ ಬರುವಂಥದ್ದು. ಜಾಲಿ ಹೋದರೆ ಹುಲಿ, ಅಲ್ಲ, ಸಿಂಹ. ಇಂದುಶೇಖರರು ಮೆಟ್ರೋ ಸ್ಟೇಷನ್ನಿನ ಬಾಗಿಲಲ್ಲಿ, ಚೀಲದಲ್ಲಿದ್ದ ಗರಗಸವನ್ನು ನೋಡಿ ಕೇಳಿದ ಸೆಕ್ಯೂರಿಟಿಯವರಿಗೆ ಉತ್ತರ ಕೊಟ್ಟು, ಅವರು ಒಪ್ಪದೆ ಮತ್ತೆ ಆಟೋ ಹಿಡಿದು, ಮನೆ ಸೇರುವ ತನಕ ಅದೇ ಜಪ ಮಾಡಿದರು: ಜಾಲಿ ತೆಗೆಯಬೇಕು, ಜಾಲಿ ತೆಗೆಯಬೇಕು. ತಲೆಯೊಳಗೆ ಎರಡು ಭಾಷೆಗಳ ನಡುವೆ ಮೂವತ್ತು ವರ್ಷ ಕಾವಲು ನಿಂತಿದ್ದ ಗುಮಾಸ್ತ ಆ ದಿನ ರಜೆಯ ಮೇಲಿದ್ದ.

ಸ್ಕ್ರೂ ಬಿಚ್ಚುವ ಕೆಲಸಕ್ಕೆ ಅವರು ಗೊತ್ತು ಮಾಡಿದ್ದು ಮಲ್ಲಿಕಾರ್ಜುನನನ್ನು. ಸಿಂಧನೂರಿನ ಕಡೆಯವನು, ನಡುವಯಸ್ಸು, ಚಾಣಕ್ಯಪುರಿಯಲ್ಲಿ ನಮ್ಮ ರಾಜ್ಯದ ಅತಿಥಿಗೃಹದಲ್ಲಿ ಡ್ರೈವರ್. ಜೋಳದ ರೊಟ್ಟಿಯ ಸೆಳೆತಕ್ಕೆ ಬಿಡುವಿದ್ದಾಗಲೆಲ್ಲ ಧಾರಿಣಿಯ ಅಡುಗೆಮನೆಗೆ ಬರುತ್ತಿದ್ದ. ಹೇಳಿದ ಕೆಲಸವನ್ನು ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಮಾಡುವ ಮನುಷ್ಯ. ಧಾರಿಣಿ ರೊಟ್ಟಿ ತರಲು ಒಳಗೆ ಹೋದಾಗ ಇಂದುಶೇಖರರು ಅವನ ಕಿವಿಯಲ್ಲಿ ಉಸುರಿದರು: "ಬರೋ ಭಾನುವಾರ ನಾವು ಮನೇಲಿರಲ್ಲ. ಹಿಂದಿನ ಷೆಡ್ಡಿನ ಹತ್ತಿರ ಬಂದು ಫೋನ್ ಮಾಡು. ಒಂದು ಕೆಲಸ ಇದೆ. ಗರಗಸ ಅಲ್ಲೇ ಇರುತ್ತೆ."

ಆ ಭಾನುವಾರ ಲೋಧಿ ಕಾಲೋನಿಯಲ್ಲಿ ಹಳೆಯ ಸಹೋದ್ಯೋಗಿ ದಕ್ಷಿಣಾಮೂರ್ತಿಯ ಮನೆಯಲ್ಲಿ ಸಂಕ್ರಾಂತಿಯ ಊಟ. ಎಳ್ಳುಬೆಲ್ಲ ಹಂಚಿಯಾಗಿತ್ತು. ದಕ್ಷಿಣಾಮೂರ್ತಿಯ ಹೆಂಡತಿ ರತ್ನಮ್ಮ ಮತ್ತು ಧಾರಿಣಿ ಒಳಗೆ ಹಪ್ಪಳ ಕರಿಯುತ್ತಿದ್ದರು. ಫೋನು ನಡುಗಿತು. ಇಂದುಶೇಖರರು ವರಾಂಡಕ್ಕೆ ಜಾರಿ, ಬಾಯಿಗೆ ಅಂಗೈ ಅಡ್ಡ ಹಿಡಿದರು. ಗರಗಸ, ಸೈಲೆನ್ಸರ್ ಎಂಬ ಎರಡು ಪದ ಬಾಯಿಂದ ಬರಕೂಡದು. ಧಾರಿಣಿಯ ಕಿವಿ ಬಾಣಲೆಯ ಸದ್ದನ್ನೂ ಸೀಳಿಕೊಂಡು ಬರಬಲ್ಲದು.

"ಸಾಹೇಬ್ರ, ಷೆಡ್ಡಿನ ಮುಂದ ನಿಂತೀನ್ರಿ. ಏನ್ ಮಾಡ್ಲಿ ಹೇಳ್ರಿ."

"ಆ ಜಾಲಿ ಇದೆಯಲ್ಲ…"

"ಹ್ಞೂಂ ರೀ. ಇಲ್ಲೇ ಎದುರಿಗೇ ಐತಿ."

"ಅದನ್ನ ತೆಗೆದುಬಿಡು."

"ಜಾಲಿ ತಗೀಲ್ರಿ? ಪೂರಾ?"

"ಪೂರಾ. ಅದೇ ಅಡ್ಡ ಬರ್ತಿರೋದು. ಅದೊಂದು ಹೋದ್ರೆ ಎಲ್ಲ ಸಲೀಸು."

"ಮ್ಯಾಲ ಮ್ಯಾಲ ಅಷ್ಟ ತಗದ್ರ ಸಾಲಂಗಿಲ್ಲೇನ್ರಿ?"

"ಅರ್ಧಂಬರ್ಧ ಕೆಲಸ ಬೇಡಪ್ಪ. ಒಂದು ಎಳೆ ಉಳೀಬಾರದು."

"ಒಂದ್ ಎಲಿ ಉಳಿಸಂಗಿಲ್ರಿ. ಆದ್ರ ಸಾಹೇಬ್ರ, ಭಾಳ ಚುಚ್ಚತೈತಿ."

"ಚುಚ್ಚುತ್ತೆ ಚುಚ್ಚುತ್ತೆ. ದಪ್ಪ ಗ್ಲೌಸ್ ಹಾಕ್ಕೋ. ಹತ್ತು ನಿಮಿಷದ ಕೆಲಸ."

"ಹತ್ತು ನಿಮಿಷದಾಗ ಎಲ್ಲಿ ಆಕ್ಕೈತ್ರಿ! ಹಳೇದು, ಗಟ್ಟಿ ಕುಂತೈತಿ."

ತುಕ್ಕು ಹಿಡಿದಿರಬೇಕು ಎಂದುಕೊಂಡರು ಇಂದುಶೇಖರರು. "ನಿಧಾನಕ್ಕೆ ಮಾಡು. ನಾವು ಬರೋದು ಸಂಜೆಯಾಗುತ್ತೆ."

"ತಗದಿದ್ದು ನಾ ಒಯ್ಯಲೇನ್ರಿ?"

"ಒಯ್ಯಿ ಮಾರಾಯ, ಅದನ್ನ ಇಟ್ಕೊಂಡು ನಾನೇನು ಪೂಜೆ ಮಾಡ್ಲಾ?"

ಆ ಕಡೆಯ ದನಿ ತುಂಬ ಮೆಲ್ಲಗಾಯಿತು: "ಅಮ್ಮಾರಿಗೆ ಬ್ಯಾಸರ ಆಗಂಗಿಲ್ಲೇನ್ರಿ?"

"ಆಗುತ್ತೆ. ಅದಕ್ಕೇ ಹೇಳ್ತಿರೋದು, ಧಾರಿಣಿಗೆ ಗೊತ್ತಾಗಬಾರದು. ಎಲ್ಲ ಮುಗಿದ ಮೇಲೆ ನಾನೇ ಸಮಾಧಾನವಾಗಿ ಹೇಳ್ತೀನಿ. ಜಾಲಿ ತೆಗೀ ನೀನು, ಉಳಿದದ್ದು ನನಗೆ ಬಿಡು."

ತಿರುಗಿದರೆ ರತ್ನಮ್ಮ ಹಪ್ಪಳದ ತಟ್ಟೆ ಹಿಡಿದು ನಿಂತಿದ್ದರು. "ಏನದು ಗುಟ್ಟು?"

"ಆಫೀಸಿನ ವಿಷಯ," ಎಂದರು ಇಂದುಶೇಖರರು. (ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು. ರತ್ನಮ್ಮ ಹಪ್ಪಳ ಕೊಟ್ಟು ಸುಮ್ಮನಾದರು.)

ಆ ದಿನ ಅವರು ಪಾಯಸ ಮೂರು ಸಲ ಹಾಕಿಸಿಕೊಂಡರು, ದಕ್ಷಿಣಾಮೂರ್ತಿಗೆ ಅನುವಾದದಲ್ಲಿ ಸೂಕ್ಷ್ಮತೆಯ ಮಹತ್ವ ಕುರಿತು ದೀರ್ಘವಾಗಿ ಹೇಳಿದರು, ಮೆಟ್ರೋದಲ್ಲಿ ನಿಂತೇ ಕನಸು ಕಂಡರು: ಗರಗಸ ಗರ್ಜಿಸುತ್ತದೆ, ಚಾಚಿದ ಕೊಂಬೆಗಳು ಹೂವಿನ ಹಾಗೆ ಉದುರುತ್ತವೆ, ಭಲ್ಲಾಜಿ ಬಾಯಿ ಮುಚ್ಚುತ್ತಾರೆ, ಮರ ನಿಲ್ಲುತ್ತದೆ, ಧಾರಿಣಿ ಏನೂ ಹೇಳದೆ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಾರೆ. ಲೇಡೀಸ್ ಕೋಚಿನಿಂದ ಇಳಿದು ಬಂದ ಧಾರಿಣಿಯನ್ನು ಕಂಡಾಗ ಅವರಿಗೆ ಕಾರಣವಿಲ್ಲದೆ ಕೈ ಹಿಡಿಯಬೇಕೆನ್ನಿಸಿತು. ಹಿಡಿಯಲಿಲ್ಲ. ದೆಹಲಿ ಎಷ್ಟೇ ದೊಡ್ಡದಾದರೂ ಅವರು ನಮ್ಮ ಕಡೆಯ ಗಂಡಸು.

ಸೊಸೈಟಿಯ ಗೇಟು ಹೊಕ್ಕಾಗ ಮೊದಲು ಕಂಡದ್ದು ಬಿಸಿಲು. ಎಂದೂ ಬೀಳದ ಕಡೆ ಬಿದ್ದಿತ್ತು. ಅವರ ಅಡುಗೆಮನೆಯ ಬಾಲ್ಕನಿ, ಅದರ ಕೆಳಗಿನ ಗೋಡೆ, ಒಣಗಲು ಹಾಕಿದ್ದ ಒರೆಸುವ ಬಟ್ಟೆ, ಎಲ್ಲವೂ ಸಂಜೆಯ ಕೆಂಪಿನಲ್ಲಿ ಬೆತ್ತಲೆಯಾಗಿ ನಿಂತಿದ್ದವು. ಎಷ್ಟು ಚೆನ್ನಾಗಿ ಕಾಣುತ್ತಿದೆ ನಮ್ಮ ಮನೆ ಎಂದು ಇಂದುಶೇಖರರು ಹೇಳಬೇಕೆಂದಿದ್ದರು. ಅಷ್ಟರಲ್ಲಿ ಪಕ್ಕದಲ್ಲಿದ್ದ ಹೆಜ್ಜೆಯ ಸದ್ದು ನಿಂತಿತು.

ಧಾರಿಣಿ ಕೈಯಲ್ಲಿದ್ದ ಎಳ್ಳುಬೆಲ್ಲದ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಗೋಡೆಯ ಬಳಿ ಕಟ್ಟಿಗೆ ಅಚ್ಚುಕಟ್ಟಾಗಿ ಪೇರಿಸಿಟ್ಟಿತ್ತು. ದಪ್ಪವು ಕೆಳಗೆ, ಸಣ್ಣವು ಮೇಲೆ. ನೆಲ ಗುಡಿಸಿತ್ತು. ನಡುವೆ ಹಸಿಯಾದ, ಹಳದಿ ಬುಡ. ಮೈಕೈಯೆಲ್ಲ ಗೀರಿಕೊಂಡ ಮಲ್ಲಿಕಾರ್ಜುನ ಬೆವರು ಒರೆಸುತ್ತ ಎದ್ದು ನಿಂತ.

"ಹೇಳಿದಂಗ ಮಾಡೀನ್ರಿ ಸಾಹೇಬ್ರ. ಒಂದ್ ಎಲಿ ಉಳಿಸಿಲ್ಲ." ಆಮೇಲೆ ಸಂತೋಷ ತಡೆಯಲಾರದೆ: "ಗರಗಸ ಏನ್ ಹೊಡೀತದ್ರಿ! ಸೈಲೆನ್ಸರಿಗೆ ತೂತು ಹಾಕ್ಸೀರಲ್ಲ, ಭಾಳ ಚಲೋ ಆತು. ಒಂದ ಎಳತಕ್ಕ ಸುರು. ಬೆಣ್ಣಿ ಕೊಯ್ದಂಗ ಕೊಯ್ತು."

ತಂತಿಬಲೆ ಅದರೊಳಗೆ ಹಾಗೆಯೇ ಇತ್ತು. ಅದನ್ನು ತೆಗೆಯುವ ಅಗತ್ಯವೇ ಇರಲಿಲ್ಲ.

"ಯಾರು ಹೇಳಿದ್ರಪ್ಪ ನಿನಗೆ?" ಧಾರಿಣಿ ಕೇಳಿದರು.

ಮಲ್ಲಿಕಾರ್ಜುನ ಅವರ ಮುಖ ನೋಡಿದ, ಸಾಹೇಬರ ಮುಖ ನೋಡಿದ. ಅವನ ಮುಖದ ಸಂತೋಷ ಬಿಸಿಲಿನ ಹಾಗೆ ಇಳಿದುಹೋಯಿತು. "ಸಾಹೇಬ್ರ… ಸಮಾಧಾನದಿಂದ ಹೇಳ್ತೀನಿ ಅಂದಿದ್ರಿ…"

ಮೇಲೆ, ಬಾಗಿಲು ಹಾಕಿದ ಮೇಲೆ, ಇಂದುಶೇಖರರು ಹೇಳಿದರು. ಸಮಾಧಾನ ಮಾತ್ರ ಇರಲಿಲ್ಲ.

"ನಾನು ಹೇಳಿದ್ದು ಸೈಲೆನ್ಸರಿನ ಜಾಲಿ ಕಣೇ! ಸೈಲೆನ್ಸರಿನದು!"

"ಸೈಲೆನ್ಸರಿನಲ್ಲಿ ಜಾಲಿ ಬೆಳೆಯುತ್ತಾ?"

"ಹಿಂದಿಯಲ್ಲಿ ಜಾಲಿ ಅಂದ್ರೆ ತಂತಿಬಲೆ. ಕಿಂಡಿ ಕಿಂಡಿಯಾಗಿ ಇರುತ್ತಲ್ಲ…"

"ನನಗೂ ಹಿಂದಿ ಬರುತ್ತೆ. ಮಲ್ಲಿಕಾರ್ಜುನನ ಹತ್ರ ಯಾವ ಭಾಷೇಲಿ ಮಾತಾಡಿದ್ರಿ?"

"ಕನ್ನಡದಲ್ಲೇ."

"ಕನ್ನಡದಲ್ಲಿ ಅದಕ್ಕೇನಂತಾರೆ?"

ಇಂದುಶೇಖರರು ಕನ್ನಡಕ ತೆಗೆದು ಒರೆಸಿದರು. "ಜಾಲರಿ," ಎಂದರು.

ಒಂದು ರಕಾರ. ಸುತ್ತೋಲೆಗಳಲ್ಲಿ ಸಾವಿರಾರು ರಕಾರಗಳನ್ನು ಉದಾರವಾಗಿ ಚೆಲ್ಲಿದ್ದ ಮನುಷ್ಯ ಜಾಲರಿಯಲ್ಲಿ ಒಂದೇ ಒಂದು ರ ಉಳಿಸಲು ಹೋಗಿದ್ದರು. ಆ ಒಂದು ರ ಬಿಟ್ಟುಹೋದದ್ದಕ್ಕೆ ಮರದ ರವೂ ಹೋಯಿತು, ಮವೂ ಹೋಯಿತು.

"ಒಂದು ಅಕ್ಷರ ಧಾರಿಣಿ. ಬಾಯಿ ತಪ್ಪಿತು, ಅಷ್ಟೇ."

"ಬಾಯಿ ತಪ್ಪಿದ್ದಾದರೆ ನನಗೆ ಗೊತ್ತಾಗಬಾರದು ಅಂತ ಯಾಕಂದ್ರಿ?" ಆಗಷ್ಟೇ ರತ್ನಮ್ಮನ ಫೋನು ಬಂದು ಹೋಗಿತ್ತು. ಆಕೆ ಪಾಪ, ಮಾತಿನ ನಡುವೆ ನಗುತ್ತ, 'ಏನೋ ಜಾಲಿ ತೆಗೆಸ್ತೀನಿ, ನಿಮಗೆ ಗೊತ್ತಾಗಬಾರದು ಅಂತಿದ್ದರು, ಏನು ಸರ್‌ಪ್ರೈಸು?' ಎಂದು ಕೇಳಿದ್ದರು. ಅಪ್ಪಟ ಕನ್ನಡತಿ ರತ್ನಮ್ಮನ ಕಿವಿಗೂ ಅದು ಜಾಲಿಯೇ ಆಗಿ ಕೇಳಿಸಿತ್ತು. ಇಂದುಶೇಖರರ ಪಕ್ಷದಲ್ಲಿ ಸಾಕ್ಷಿ ಹೇಳಬಲ್ಲವನೆಂದರೆ ಉತ್ತಮ್ ನಗರದ ಮೆಕ್ಯಾನಿಕ್ ಒಬ್ಬನೇ.

"ಅದು ಗರಗಸದ ವಿಷಯ ಗೊತ್ತಾಗಬಾರದು ಅಂತ. ಮರ ಉಳಿಸೋಕೇ ಇಷ್ಟೆಲ್ಲ ಮಾಡಿದ್ದು ನಾನು. ನಂಬು."

"ನಂಬ್ತೀನಿ," ಎಂದರು ಧಾರಿಣಿ. ಅವರು ನಂಬಿದರೆಂಬುದೇ ಇಂದುಶೇಖರರಿಗೆ ಬೈಗುಳಕ್ಕಿಂತ ಭಾರವಾಯಿತು. "ಅನ್ನಕ್ಕಿಡ್ತೀನಿ," ಎಂದು ಅವರು ಎದ್ದು ಹೋದರು.

ಇಲ್ಲಿಗೇ ನಿಂತಿದ್ದರೆ ಕಾಲ ಹೇಗೋ ಮಾಯಿಸುತ್ತಿತ್ತು. ಆದರೆ ಮರುದಿನ ಬೆಳಿಗ್ಗೆ ಭಲ್ಲಾಜಿ ಹಲ್ವಾ ಹಿಡಿದು ಬಂದರು. ನೆಲಮಹಡಿಯವರೆಲ್ಲ ಮಂಚ, ಗಾದಿ, ಮುದುಕರು, ಮೂಲಂಗಿ ಎಲ್ಲವನ್ನೂ ಹೊಸ ಬಿಸಿಲಿನಲ್ಲಿ ಹಾಕಿದ್ದರು. ಭಲ್ಲಾಜಿ ಇಂದುಶೇಖರರನ್ನು ಬಿಗಿಯಾಗಿ ಅಪ್ಪಿಕೊಂಡು, ಇದು ನಿಮ್ಮದೇ ನಿರ್ಧಾರವಾ, ಅಥವಾ ಯಾರೋ ತಪ್ಪಿ ಕಡಿದುಬಿಟ್ಟರಾ ಎಂದು ಹಿಂದಿಯಲ್ಲಿ ಕೇಳಿದರು. ಬಾಗಿಲು ತೆರೆದಿತ್ತು. ಒಳಗೆ ಧಾರಿಣಿ ಸೊಪ್ಪು ಸೋಸುತ್ತಿದ್ದರು.

ತಪ್ಪಿನಿಂದ ಆಯಿತು ಎನ್ನಬಹುದಿತ್ತು. ಆದರೆ ಹಾಗೆಂದರೆ ಏನು ತಪ್ಪು ಎಂದು ಕೇಳುತ್ತಾರೆ. ಅನುವಾದದ ತಪ್ಪು ಎನ್ನಬೇಕಾಗುತ್ತದೆ. ಭಲ್ಲಾಜಿ ಅದನ್ನು ಇಡೀ ಸೊಸೈಟಿಗೆ ಚಹಾದ ಜೊತೆ ಹಂಚುತ್ತಾರೆ. ಇಂದುಶೇಖರರು ಬೆನ್ನು ನೆಟ್ಟಗೆ ಮಾಡಿದರು.

"ಮೈಂನೇ ಹೀ ಕಟವಾಯಾ," ಎಂದರು. ನಾನೇ ಕಡಿಸಿದೆ.

ಒಳಗೆ ಸೊಪ್ಪು ಮುರಿಯುವ ಸಣ್ಣ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಆಮೇಲಿನ ದಿನಗಳಲ್ಲಿ ಧಾರಿಣಿ ಜಗಳವಾಡಲಿಲ್ಲ. ರೊಟ್ಟಿ ಬರುತ್ತಿತ್ತು, ಪಲ್ಯ ಬರುತ್ತಿತ್ತು, ಬಿಸಿನೀರು ಕಾದಿರುತ್ತಿತ್ತು. 'ಬಿಸಿಲು ಕಣ್ಣಿಗೆ ಹೊಡೆಯುತ್ತೆ' ಎಂದು ಅಡುಗೆಮನೆಯ ಬಾಗಿಲಿಗೆ ಒಂದು ಹಳೆಯ ಸೀರೆ ಕಟ್ಟಿದರು. ಇಂದುಶೇಖರರು ಎಷ್ಟೋ ಸಲ ಆ ಸೀರೆಯ ಈಚೆ ಬಂದು ನಿಂತು, ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಕರಡು ಮಾಡಿ, ತಿದ್ದಿ, ನಕಲು ತೆಗೆದು, "ಉಪ್ಪು ಇದೆಯಾ?" ಎಂದು ಕೇಳಿ ಹಿಂತಿರುಗಿದರು. ಮಲ್ಲಿಕಾರ್ಜುನ ಬರುವುದನ್ನೇ ಬಿಟ್ಟ. ಧಾರಿಣಿಯೇ ಫೋನು ಮಾಡಿ, "ನಿಂದೇನಿಲ್ಲಪ್ಪ, ಬಾ ಊಟಕ್ಕೆ" ಎಂದು ಕರೆದರು. ಅವನನ್ನು ಕ್ಷಮಿಸುವುದು ಅವರಿಗೆ ಎಷ್ಟು ಸುಲಭವಾಯಿತು ಎಂದು ಇಂದುಶೇಖರರು ಪೇಪರಿನ ಹಿಂದೆ ಕೂತು ಕೇಳಿಸಿಕೊಂಡರು.

ಗಣರಾಜ್ಯೋತ್ಸವದ ಬೆಳಿಗ್ಗೆ ಧ್ವಜ ಏರಿತು. ಮಕ್ಕಳು ಹಾಡಿದರು. ಹಿಂಬದಿಯ ಅಂಗಳದಲ್ಲೇ ಶಾಮಿಯಾನ, ಕುರ್ಚಿ, ಲಡ್ಡು, ಸಮೋಸ. ಎಲ್ಲರ ಮೈಮೇಲೆ ಧಾರಾಳ ಬಿಸಿಲು. ಭಲ್ಲಾಜಿ ಮೈಕು ಹಿಡಿದು, ಸೊಸೈಟಿ ಇಷ್ಟು ವರ್ಷ ಮಾಡಲಾಗದ್ದನ್ನು ಇಂದುಜೀ ಒಬ್ಬರೇ ಮಾಡಿ ತೋರಿಸಿದರು ಎಂದು ಘೋಷಿಸಿ, ವೇದಿಕೆಗೆ ಕರೆದು ಚೆಂಡುಹೂವಿನ ಹಾರ ಹಾಕಿದರು. ಚಪ್ಪಾಳೆ. ಹಾರ ತುಂಬ ತಣ್ಣಗಿತ್ತು, ಒದ್ದೆಯಾಗಿತ್ತು. ಇಂದುಶೇಖರರು ಇನ್ನೇನು ಇಳಿಯಬೇಕು, ಭಲ್ಲಾಜಿಗೆ ಉತ್ಸಾಹ ಉಕ್ಕಿತು.

"ಭಾಭೀಜೀ ಭೀ ದೋ ಶಬ್ದ್! ಅಪನೀ ಭಾಷಾ ಮೇಂ! ಇಂದುಜೀ ಅನುವಾದ್ ಕರೇಂಗೇ!"

ಧಾರಿಣಿ ತಮ್ಮ ಭಾಷೆಯಲ್ಲಿ ಎರಡು ಮಾತಾಡುವುದು, ಗಂಡ ಅನುವಾದಿಸುವುದು ಎಲ್ಲರಿಗೂ ಬಹಳ ಹಿಡಿಸಿತು. ವಿವಿಧತೆಯಲ್ಲಿ ಏಕತೆ, ಅದೂ ಇಂಥ ದಿನ. ಧಾರಿಣಿಯ ಹಿಂದಿ ತರಕಾರಿ ಭಯ್ಯಾನನ್ನು ಅಳಿಸುವಷ್ಟು ಚೆನ್ನಾಗಿತ್ತು. ಆದರೂ ಅವರು ಎದ್ದು ಬಂದು, ಸೆರಗು ಸರಿಮಾಡಿಕೊಂಡು, ಮೈಕು ತೆಗೆದುಕೊಂಡು ಕನ್ನಡದಲ್ಲೇ ಮಾತಾಡಿದರು.

"ಎಲ್ಲರಿಗೂ ನಮಸ್ಕಾರ. ಬಿಸಿಲು ಬಂತು ಅಂತ ನಿಮಗೆಲ್ಲ ಖುಷಿಯಾಗಿದೆ. ನನಗಾಗಿಲ್ಲ."

ಭಲ್ಲಾಜಿ ಇನ್ನೊಂದು ಮೈಕನ್ನು ಇಂದುಶೇಖರರ ಬಾಯಿಗೆ ಹಿಡಿದರು. ಸಾಲು ಸಾಲು ಮುಖಗಳು ನಗುತ್ತ ಕಾಯುತ್ತಿದ್ದವು.

"ಸಬ್ ಕೋ ನಮಸ್ಕಾರ್," ಎಂದರು ಇಂದುಶೇಖರರು. "ಧೂಪ್ ಆಯೀ ಹೈ. ಆಪ್ ಸಬ್ ಖುಶ್ ಹೈಂ." ಹೆಂಡತಿಯ ಕಡೆ ನೋಡದೆ, ಆಕೆಯೂ ಖುಷಿ ಎಂದು ಸೇರಿಸಿದರು: "ಔರ್… ಶ್ರೀಮತೀಜೀ ಭೀ."

ಚಪ್ಪಾಳೆ.

ಧಾರಿಣಿ ಗಂಡನ ಕಡೆಗೆ ತಿರುಗಿದರು. ಕೋಪವಿರಲಿಲ್ಲ ಆ ಮುಖದಲ್ಲಿ. ಓದಲು ಬರುವ ಪುಟವನ್ನು ಇನ್ನೊಬ್ಬರು ತಪ್ಪು ಓದುವುದನ್ನು ಕೇಳಿಸಿಕೊಳ್ಳುವವರ ಹಾಗೆ ಇದ್ದರು.

"ಅದು ನಮ್ಮೂರ ಮರ," ಎಂದರು. "ಇಲ್ಲಿ ನನ್ನ ಮಾತು ಕೇಳಿಸಿಕೊಳ್ತಿದ್ದದ್ದು ಅದು ಮತ್ತು ಇವರು. ಇವರು ಅದನ್ನ ಬೇಕಂತ ಕಡಿಸಲಿಲ್ಲ. ತಪ್ಪಾಯ್ತು ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು."

"ಹಾಂ ಜೀ?" ಭಲ್ಲಾಜಿ ಹುರಿದುಂಬಿಸಿದರು.

"ಪೇಡ್…" ಎಂದರು ಇಂದುಶೇಖರರು. ಹಾರದಿಂದ ಒಂದು ಹನಿ ಕುತ್ತಿಗೆಯೊಳಗೆ ಇಳಿಯಿತು. "ಪೇಡ್ ಪುರಾನಾ ಥಾ. ಶ್ರೀಮತೀಜೀ ಸೊಸೈಟಿ ಕೋ ಧನ್ಯವಾದ್ ದೇತೀ ಹೈಂ."

ಮರ ಹಳೆಯದಾಗಿತ್ತು, ಶ್ರೀಮತಿಯವರು ಧನ್ಯವಾದ ಹೇಳುತ್ತಿದ್ದಾರೆ ಎಂದು ಕೇಳಿ ಚಪ್ಪಾಳೆ ಇನ್ನೂ ಜೋರಾಯಿತು. ಧಾರಿಣಿ ಅದು ನಿಲ್ಲುವ ತನಕ ಕಾದರು. ಅವರ ದನಿ ಏರಲಿಲ್ಲ.

"ಇವರು ಹೇಳಿದ್ದು ನಾನು ಹೇಳಿದ್ದಲ್ಲ," ಎಂದರು. "ಈಗ ಇದನ್ನ ಹೇಳಿ."

ಸರಳ ವಾಕ್ಯ. ಕೆಲಸಕ್ಕೆ ಸೇರಿದ ಮೊದಲ ವಾರದವನೂ ಅನುವಾದ ಮಾಡಬಲ್ಲ ವಾಕ್ಯ. ಸಂಯುಕ್ತಾಕ್ಷರ ಎರಡು ಮೂರು, ಪಾರಿಭಾಷಿಕ ಪದ ಒಂದೂ ಇಲ್ಲ. ಇಂದುಶೇಖರರು ಬಾಯಿ ತೆರೆದರು. ಕರ್ತೃ ಬಂತು, ಕರ್ಮ ಬಂತು, ಕ್ರಿಯಾಪದ ನಾಲಿಗೆಯ ತುದಿಗೆ ಬಂದು ಕೂತಿತು.

"ಕ್ಯಾ ಬೋಲೀಂ ಭಾಭೀಜೀ?" ಭಾಭೀಜೀ ಏನಂದರೆಂದು ಭಲ್ಲಾಜಿ ಕೇಳಿದರು.

ಇಂದುಶೇಖರರು ಮೈಕನ್ನು ಮೆಲ್ಲಗೆ ಆಚೆ ಸರಿಸಿದರು. ಹಾರವನ್ನು ತಲೆಯ ಮೇಲಿಂದ ತೆಗೆಯಲು ನೋಡಿದರು. ಅದು ಕನ್ನಡಕಕ್ಕೆ ಸಿಕ್ಕಿಕೊಂಡಿತು. ಹಾಗೆಯೇ ಬಿಟ್ಟು ಮೆಟ್ಟಿಲಿಳಿದರು. ಕುರ್ಚಿಗಳ ನಡುವಿನ ಓಣಿಯಲ್ಲಿ, ಎಲ್ಲೂ ನೆರಳಿಲ್ಲದ ಆ ಅಂಗಳದಲ್ಲಿ, ಅವರು ಗೇಟಿನ ಕಡೆಗೆ ನಡೆಯುತ್ತಿದ್ದರೆ ಹಿಂದಿನಿಂದ ಧ್ವನಿವರ್ಧಕ ಕೇಳುತ್ತಲೇ ಇತ್ತು:

"ಅರೇ ಇಂದುಜೀ, ಕಹಾಂ ಚಲೇ? ಬತಾಯಿಯೇ ತೋ, ಕ್ಯಾ ಬೋಲೀಂ? ಇಂದುಜೀ?"